ನಮ್ಮ ಮನೆತನದ ಹಿಂದಿನ ತಲೆಮಾರು ಹುಡುಕೋಕೆ ಬಿಟ್ಟಿ ಸಹಾಯ ಎಲ್ಲಿ ಸಿಗುತ್ತೆ, ಹೆಂಗೆ ಕೇಳ್ಬೇಕು

ವಂಶಾವಳಿ ಮಾಡ್ಕೊಡ್ತೀವಿ ಅಂತ ದುಡ್ಡು ತಗೊಳ್ಳೋರು ಈಗ ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ಕೆಲವರು ಗೋತ್ರ, ಅಡ್ಡಹೆಸರು ಕೇಳ್ಕೊಂಡು ನಿಮ್ಮನ್ನ ತಗೊಂಡೋಗಿ ಯಾವುದೋ ಪಾಳೇಗಾರರ ವಂಶಕ್ಕೆ ಸೇರಿಸಿ ಬಣ್ಣದ ಪ್ರಿಂಟ್ ಒಂದು ಕೈಗೆ ಕೊಟ್ಬಿಡ್ತಾರೆ. ಅದಕ್ಕೆ ದುಡ್ಡು ಹಾಕೋಕೆ ಹೋಗ್ಬೇಡಿ. ಬೇಕಾದ ಮಾಹಿತಿ ಮುಕ್ಕಾಲು ಪಾಲು ಬಿಟ್ಟಿಯಾಗೇ ಸಿಗುತ್ತೆ, ಉಳಿದಿದ್ದಕ್ಕೆ ಜೆರಾಕ್ಸ್ ಖರ್ಚು, ಬಸ್ ಚಾರ್ಜು ಅಷ್ಟೇ. ಆದ್ರೆ ಎರಡು ವಿಷ್ಯ ಸರಿಯಿರಬೇಕು: ನೀವು ಆಸ್ತಿ ಕೇಳೋಕೆ ಬಂದಿಲ್ಲ ಅಂತ ಎದುರಿನವರಿಗೆ ನಂಬಿಕೆ ಬರಬೇಕು, ನಿಮ್ಮ ಪ್ರಶ್ನೆ ಚಿಕ್ಕದಿರಬೇಕು. "ನಮ್ಮ ವಂಶದ ಬಗ್ಗೆ ಹೇಳಿ" ಅಂದ್ರೆ ಯಾರೂ ಏನೂ ಹೇಳಲ್ಲ, ಎಲ್ಲಿಂದ ಶುರು ಮಾಡ್ತಾರೆ ಪಾಪ. "ನಮ್ಮ ತಾತನ ಅಪ್ಪ ಸಿದ್ದೇಗೌಡ ಅಂತ, ಅವರಿಗೆ ಅಣ್ಣತಮ್ಮಂದಿರು ಎಷ್ಟು ಜನ ಇದ್ರು, ಅವರ ಕಡೆಯವರು ಈಗ ಯಾವ ಊರಲ್ಲಿದ್ದಾರೆ" ಅಂತ ಕೇಳಿ ನೋಡಿ, ಜಗಲಿ ಮೇಲೆ ಕೂತಿರೋ ನಾಲ್ಕು ಜನಾನೂ ಒಟ್ಟಿಗೆ ಮಾತಾಡ್ತಾರೆ.

ಮೊದಲು ಮನೆಯಲ್ಲಿರೋದನ್ನ ಜಾಲಾಡಿ. ಹಳೇ ಟ್ರಂಕು, ಅಟ್ಟದ ಮೇಲಿನ ಡಬ್ಬಿ, ದೇವರ ಮನೆ ಗೂಡು. ಕ್ರಯಪತ್ರ, ವಿಭಾಗಪತ್ರ ಸಿಕ್ಕಿದ್ರೆ ಅದೃಷ್ಟ, ಆದ್ರೆ ಅದಕ್ಕಿಂತ ಬೇಗ ಸಿಗೋದು ಲಗ್ನಪತ್ರಿಕೆ ಮತ್ತೆ ತಿಥಿ ಕಾರ್ಡು. ಲಗ್ನಪತ್ರಿಕೆಯಲ್ಲಿ ಆಶೀರ್ವಾದ ಬಯಸುವವರು, ಸುಖಾಗಮನ ಬಯಸುವವರು ಅಂತ ಇಡೀ ಕುಟುಂಬಾನೇ ಸಾಲಾಗಿ ಹಾಕಿರ್ತಾರೆ, ಹೆಸರಿನ ಮುಂದೆ ದಿವಂಗತ ಅಂತ ಇದ್ರೆ ಆ ವರ್ಷಕ್ಕೆ ಅವರು ಇರ್ಲಿಲ್ಲ ಅನ್ನೋದೂ ಗೊತ್ತಾಗುತ್ತೆ. ನನ್ನ ಕೇಳಿದ್ರೆ ಇವೆಲ್ಲಕ್ಕಿಂತ ಮೇಲು ಮುಯ್ಯಿ ಪುಸ್ತಕ. ಮದುವೇಲಿ ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರೆದಿಡೋ ನೋಟ್‌ಬುಕ್ಕು ಇದ್ಯಲ್ಲ, ಅದರಲ್ಲಿ ಹೆಸರಿನ ಜೊತೆ ಊರೂ ಇರುತ್ತೆ, ಎಷ್ಟೋ ಕಡೆ "ದೊಡ್ಡಮ್ಮನ ಮಗ", "ಅತ್ತೆ ಮನೆಯವರು" ಅಂತ ಸಂಬಂಧನೂ ಬರೆದಿರ್ತಾರೆ. ಐದು ರೂಪಾಯಿ, ಒಂದು ಸ್ಟೀಲ್ ಲೋಟ, ಒಂದು ಕುಪ್ಪಸದ ಕಣ ಅಂತ ಲೆಕ್ಕ ಇರೋ ಆ ಪುಟಗಳಲ್ಲಿ ನಿಮ್ಮ ಕಡೆಯವರು ಯಾವ್ಯಾವ ಊರಲ್ಲಿ ಚದುರಿದ್ರು ಅನ್ನೋದು ಒಂದೇ ಸಲಕ್ಕೆ ಕಾಣುತ್ತೆ. ಬಿಸಾಕೋಕೆ ಮುಂಚೆ ಪ್ರತಿ ಪುಟ ಫೋಟೋ ತೆಗೆದಿಟ್ಕೊಳ್ಳಿ.

ತರ್ಪಣ ಬಿಡೋ ಮನೆಯಾದ್ರೆ ಅಪ್ಪನ ಕಡೆ ಮೂರು ತಲೆಮಾರು, ತಾಯಿ ಕಡೆ ಮೂರು ತಲೆಮಾರು ಹೆಸರು ಬಾಯಲ್ಲೇ ಇರುತ್ತೆ, ಬರೆಸ್ಕೊಳ್ಳಿ. ಪಿತೃಪಕ್ಷದಲ್ಲಿ ಎಡೆ ಇಡೋ ಮನೆಗಳಲ್ಲೂ ಅವತ್ತು ಹಿರಿಯರ ಹೆಸರು ತಾನಾಗೇ ಮಾತಿಗೆ ಬರುತ್ತೆ, ಕೇಳೋಕೆ ಅದಕ್ಕಿಂತ ಒಳ್ಳೇ ದಿನ ಇಲ್ಲ. ಇನ್ನೊಂದು ಮಾತು, ಗಂಡಸರನ್ನ ಮಾತ್ರ ಕೇಳ್ಬೇಡಿ. ಸರ್ಕಾರಿ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಇರೋದೇ ಕಮ್ಮಿ, ಯಾವ ಮನೆಗೆ ಹೆಣ್ಣು ಕೊಟ್ರು, ಯಾವ ಮನೆಯಿಂದ ತಂದ್ರು, ಯಾರಿಗೆ ಎರಡನೇ ಮದುವೆ ಆಯ್ತು, ಯಾವ ಮಗು ಸಣ್ಣದ್ರಲ್ಲೇ ಹೋಯ್ತು ಅನ್ನೋದೆಲ್ಲ ಅಜ್ಜಿಯರ ಹತ್ರಾನೇ ಇರೋದು. ಬೇರೆ ಊರಿಗೆ ಮದುವೆಯಾಗಿ ಹೋದ ಸೋದರತ್ತೆ ಇದ್ರೆ ಅವರನ್ನ ಮೊದಲು ಕೇಳಿ. ತವರು ಬಿಟ್ಟು ಹೋದವರಿಗೆ ತವರಿನ ವಿಷ್ಯ ಜಾಸ್ತಿ ನೆನಪಿರುತ್ತೆ, ಜಮೀನಿನ ಜಗಳದಲ್ಲಿ ಅವರು ಅಷ್ಟಾಗಿ ಇರಲ್ಲ ಆದ್ದರಿಂದ ಮುಚ್ಚಿಡೋದೂ ಕಮ್ಮಿ. ಮೊಬೈಲಲ್ಲಿ ರೆಕಾರ್ಡ್ ಮಾಡೋದಾದ್ರೆ ಹೇಳಿ ಮಾಡಿ.

ವರ್ಷದ ಲೆಕ್ಕ ಅಜ್ಜಿ ಇಸವಿಯಲ್ಲಿ ಹೇಳಲ್ಲ. ಪ್ಲೇಗ್ ಬಂದಾಗ ಅಂತಾರೆ, ಕನ್ನಂಬಾಡಿ ಕಟ್ಟೋವಾಗ ಅಂತಾರೆ, ಇಲ್ಲಾ ಸಂವತ್ಸರದ ಹೆಸರು ಹೇಳ್ತಾರೆ. ಬೆಂಗಳೂರಿನ ದೊಡ್ಡ ಪ್ಲೇಗು 1898, ಕನ್ನಂಬಾಡಿ ಕಟ್ಟೆ ಕೆಲಸ 1911ರಿಂದ ಹಿಡಿದು 1930ರ ದಶಕದ ಶುರುವಿನ ತನಕ. ಸಂವತ್ಸರ 60 ವರ್ಷಕ್ಕೊಂದು ಸಲ ತಿರುಗಿ ಬರುತ್ತೆ, ಪ್ರಭವ ಅಂದ್ರೆ 1867, 1927, 1987 ಮೂರೂ ಆಗಬಹುದು, ಹಾಗಾಗಿ ಜೊತೆಗೆ ಇನ್ನೊಂದು ಗುರುತು ಕೇಳ್ಕೊಳ್ಳಿ. ಧಾತು ವರ್ಷದ ಬರ ಅಂತ ಮನೆಯಲ್ಲಿ ಮಾತಿದ್ರೆ ಅದು 1876ರಲ್ಲಿ ಶುರುವಾದ ಬರ, ಆ ಹೊತ್ತಲ್ಲಿ ಊರೇ ಬಿಟ್ಟು ಬೇರೆ ಕಡೆ ಹೋದವರು ತುಂಬಾ ಜನ.

ಈಗ ಆಸ್ತಿ ವಿಷ್ಯ. ಬೆಂಗಳೂರಿಂದ ಪ್ಯಾಂಟು ಶೂ ಹಾಕ್ಕೊಂಡು ಬಂದು ಹಳ್ಳಿಯಲ್ಲಿ ಇಳಿದು "ನಮ್ಮ ತಾತನ ಜಮೀನು ಯಾವುದು" ಅಂದ್ರೆ ಮುಗೀತು, ಅಲ್ಲಿಂದಾಚೆ ಯಾರೂ ಬಾಯಿ ಬಿಡಲ್ಲ. ದಾಯಾದಿಗಳು ಭಾಗ ಕೇಳೋಕೆ ಬಂದಿದಾನೆ ಅಂದ್ಕೊಳ್ತಾರೆ, ಅವರದ್ದೂ ತಪ್ಪಲ್ಲ, ಎಷ್ಟೋ ಸಲ ಹಂಗೇ ಆಗಿರುತ್ತಲ್ಲ. ಅದಕ್ಕೆ ಒಬ್ಬರೇ ಹೋಗ್ಬೇಡಿ, ಊರಿಗೆ ಗೊತ್ತಿರೋ ಹಿರಿಯರೊಬ್ಬರನ್ನ ಕರ್ಕೊಂಡು ಹೋಗಿ, ಹಬ್ಬಕ್ಕೋ ಜಾತ್ರೆಗೋ ಹೋಗಿ, ಸರ್ವೆ ನಂಬರ್ ಮಾತು ಮೊದಲ ದಿನ ಎತ್ತಲೇಬೇಡಿ. ನೀವು ಬರ್ಕೊಂಡಿರೋ ಅರ್ಧಂಬರ್ಧ ವಂಶವೃಕ್ಷದ ಪ್ರಿಂಟು ಅವರ ಕೈಗೆ ಕೊಟ್ಬಿಡಿ. ತಮ್ಮ ಅಪ್ಪನ ಹೆಸರು ಅದರಲ್ಲಿ ಕಂಡ ತಕ್ಷಣ "ಇಲ್ಲೊಬ್ಬನ್ನ ಬಿಟ್ಟಿದೀಯಲ್ಲಪ್ಪಾ" ಅಂತ ಅವರೇ ಪೆನ್ನು ಕೇಳ್ತಾರೆ.

ಉತ್ತರ ಕರ್ನಾಟಕದವರಾದ್ರೆ ನಿಮಗೊಂದು ದೊಡ್ಡ ಅನುಕೂಲ ಇದೆ, ಹೆಳವರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸ್ಕೋತ ಬಂದು ಮನೆ ಮುಂದೆ ನಿಂತು ನಿಮ್ಮ ಮನೆತನದ ಹಿರಿಯರ ಹೆಸರು ಸಾಲಾಗಿ ಒಪ್ಪಿಸ್ತಾರಲ್ಲ, ಅವರೇ. ಈಗ ಕೆಲವರು ಬೈಕಲ್ಲೂ ಬರ್ತಾರೆ ಬಿಡಿ. ಅವರಲ್ಲಿ ಊರು, ಮನೆತನ ಹಂಚ್ಕೊಂಡಿರ್ತಾರೆ, ನಿಮ್ಮ ಮನೆತನಕ್ಕೆ ಇಂಥದೇ ಹೆಳವರ ಕುಟುಂಬ ಅಂತ ಇರುತ್ತೆ, ಬೇರೆಯವರನ್ನ ಕೇಳಿದ್ರೆ ಪ್ರಯೋಜನ ಇಲ್ಲ. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಬಿಟ್ರು, ಮನೆದೇವರು, ಬೆಡಗು (ಕುಲದೊಳಗಿನ ಒಳಪಂಗಡ), ಎಷ್ಟು ಜನ ಗಂಡುಮಕ್ಕಳು, ಯಾರು ಯಾವ ಊರಿಗೆ ಹೋದ್ರು, ಇದೆಲ್ಲ ಅವರ ಹೊತ್ತಿಗೆಯಲ್ಲಿ ಬರೆದಿರುತ್ತೆ. ಸುಗ್ಗಿ ಮುಗಿದ ಮೇಲೆ ಬರೋದು ಜಾಸ್ತಿ, ಆದ್ರೆ ಎಷ್ಟೋ ಊರಿಗೆ ಕೆಲವು ವರ್ಷಕ್ಕೊಂದು ಸಲ ಅಷ್ಟೇ ಬರ್ತಾರೆ. ಅದಕ್ಕೆ ಊರಲ್ಲಿರೋ ನಿಮ್ಮ ಅಣ್ಣತಮ್ಮಂದಿರ ಹತ್ರ "ಹೆಳವರು ಬಂದ್ರ ನನಗೊಂದು ಫೋನ್ ಹಚ್ರಿ, ಅವರ ನಂಬರ್ ತಗೊಂಡಿಡ್ರಿ" ಅಂತ ಹೇಳಿಟ್ಟಿರಿ. ಇದು ಪೂರ್ತಿ ಬಿಟ್ಟಿ ಅಂತ ಹೇಳಕ್ಕಾಗಲ್ಲ, ಅವರಿಗೆ ಕಾಳುಕಡ್ಡಿ, ಬಟ್ಟೆ, ದುಡ್ಡು ಕೊಡೋದು ಪದ್ಧತಿ, ಅದು ಅವರ ಬದುಕು, ಚೌಕಾಸಿ ಮಾಡ್ಬೇಡಿ. ಹೊತ್ತಿಗೆ ಫೋಟೋ ತೆಗೆಯೋಕೆ ಬಹಳ ಜನ ಒಪ್ಪಲ್ಲ, ಓದಿಸಿ ಬರ್ಕೊಳ್ಳಿ. ಒಂದು ಕೊರತೆ ಏನಂದ್ರೆ ಹೆಚ್ಚಾಗಿ ಗಂಡುಮಕ್ಕಳ ಸಾಲು ಮಾತ್ರ ಹೇಳ್ತಾರೆ, ಮತ್ತೆ ತೀರಾ ಹಿಂದಿನ ಮೂಲಪುರುಷನ ಕಥೆ ಕಥೆಯಾಗೇ ಇರುತ್ತೆ, ಅದನ್ನ ಬೇರೆ ಕಾಲಂನಲ್ಲಿ ಬರೆದಿಡಿ.

ಮನೆದೇವರು ಅಂದ ಕೂಡ್ಲೆ ನೆನಪಾಯ್ತು, ಹಳೇ ಮೈಸೂರು ಕಡೆಯವರಿಗೆ ಹೆಳವರು ಅಷ್ಟಾಗಿ ಸಿಗದಿದ್ರೂ ಮನೆದೇವರು ಎಲ್ಲಿದೆ ಅನ್ನೋದು ಒಳ್ಳೇ ಸುಳಿವು. ಈಗಿರೋ ಊರಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಮನೆದೇವರಿದ್ರೆ ನಿಮ್ಮವರು ಆ ಸೀಮೆಯಿಂದ ಬಂದಿರೋ ಸಾಧ್ಯತೆ ಇದೆ. ಅಲ್ಲಿನ ಅರ್ಚಕರನ್ನ ಕೇಳಿ, ಯಾವ್ಯಾವ ಊರಿಂದ ಒಕ್ಕಲಿನವರು ಬರ್ತಾರೆ ಅಂತ ಅವರಿಗೆ ಗೊತ್ತಿರುತ್ತೆ, ಅದರಲ್ಲಿ ನಿಮ್ಮ ದಾಯಾದಿಗಳೂ ಇರಬಹುದು.

ಕಾಗದದ ವಿಷ್ಯಕ್ಕೆ ಬರೋಣ. ಜಮೀನಿರೋ ಮನೆತನಕ್ಕೆ ಪಹಣಿ ಬಿಟ್ರೆ ಬೇರೆ ಗುರು ಇಲ್ಲ. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಪಹಣಿ ಎಲ್ಲ ಕಂಪ್ಯೂಟರಿಗೆ ಬಂತು, ಕಂದಾಯ ಇಲಾಖೆ ವೆಬ್‌ಸೈಟಲ್ಲಿ ಸರ್ವೆ ನಂಬರ್ ಹಾಕಿ ದುಡ್ಡು ಕೊಡದೆ ನೋಡಬಹುದು, ಸಹಿ ಇರೋ ಪ್ರತಿ ಬೇಕಾದ್ರೆ ಮಾತ್ರ ಫೀಸು. ಎಲ್ಲರೂ 9ನೇ ಕಾಲಂನಲ್ಲಿರೋ ಹೆಸರು ನೋಡಿ ಬಿಟ್ಬಿಡ್ತಾರೆ, ನಿಮಗೆ ಬೇಕಾಗಿರೋದು 10ನೇ ಕಾಲಂ, ಸ್ವಾಧೀನತೆಯ ರೀತಿ. ಅಲ್ಲಿ ಪೌತಿ, ವಿಭಾಗ, ಕ್ರಯ ಅಂತ ಬರೆದು ಪಕ್ಕದಲ್ಲಿ ಎಂಆರ್ ನಂಬರು, ಅಂದ್ರೆ ಹಕ್ಕು ಬದಲಾವಣೆಯ ನಂಬರು, ವರ್ಷ ಇರುತ್ತೆ. ಪೌತಿ ಅಂತಿದ್ರೆ ಹಬ್ಬ ಅಂದ್ಕೊಳ್ಳಿ, ಯಾಕಂದ್ರೆ ಖಾತೆದಾರ ತೀರ್ಕೊಂಡು ವಾರಸುದಾರರ ಹೆಸರಿಗೆ ಆಗಿರೋದು ಅದು, ಆ ಫೈಲಲ್ಲಿ ವಂಶವೃಕ್ಷ, ಸತ್ತ ತಾರೀಕು, ಉಳಿದ ಮಕ್ಕಳ ಹೇಳಿಕೆ ಇರುತ್ತೆ, ಸಹಿ ಬರದವರ ಹೆಬ್ಬೆಟ್ಟೂ ಇರುತ್ತೆ. ಆ ನಂಬರ್ ಹಿಡ್ಕೊಂಡು ತಾಲ್ಲೂಕು ಆಫೀಸ್ ರೆಕಾರ್ಡ್ ರೂಮಿಗೆ ಹೋದ್ರೆ ಹಕ್ಕು ಬದಲಾವಣೆ ವಹಿಯಲ್ಲಿ ಹಿಂದಿನ ಎಂಆರ್ ಗೊತ್ತಾಗುತ್ತೆ, ಅಲ್ಲಿಂದ ಅದರ ಹಿಂದಿನದು, ಹಿಂಗೇ ಕೈಬರಹದ ಪಹಣಿ, ಇಂಡೆಕ್ಸು, ಮೂಲ ಸರ್ವೆ ಕಾಗದದ ತನಕ ಹೋಗಬಹುದು. ಈಗ ಭೂ ಸುರಕ್ಷಾ ಅಂತ ಮಾಡಿ ರೆಕಾರ್ಡ್ ರೂಮಿನ ಹಳೇ ಕಡತಗಳನ್ನ ಸ್ಕ್ಯಾನ್ ಮಾಡಿಸ್ತಿದ್ದಾರೆ, ಹೋಗೋಕೆ ಮುಂಚೆ ನಿಮ್ಮ ತಾಲ್ಲೂಕಿನದು ಆಗಿದ್ಯಾ ಕೇಳಿ.

ಹಳೇ ಕಾಗದ ಓದುವಾಗ "ಬಿನ್" ಅಂದ್ರೆ ಇಂಥವರ ಮಗ, "ಕೋಂ" ಅಂದ್ರೆ ಇಂಥವರ ಹೆಂಡತಿ. ಬೆಳಗಾವಿ, ಧಾರವಾಡದ ಕಡೆ ಕಾಗದದಲ್ಲಿ "ಅ.ಪಾ.ಕ." ಅಂತ ಕಂಡ್ರೆ ಅಪ್ರಾಪ್ತ ಮಗುವಿನ ಪರವಾಗಿ ಯಾರೋ ಹಿರಿಯರು ನೋಡ್ಕೋತಿದ್ರು ಅಂತ, ಅಂದ್ರೆ ಅಪ್ಪ ಬೇಗ ಹೋಗಿರಬಹುದು. ತಾತನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಬರ್ತಾನೇ ಇರುತ್ತೆ, ಸಿದ್ದೇಗೌಡ ಬಿನ್ ಕಾಳೇಗೌಡ ಆಮೇಲೆ ಕಾಳೇಗೌಡ ಬಿನ್ ಸಿದ್ದೇಗೌಡ ಮತ್ತೆ ಸಿದ್ದೇಗೌಡ ಬಿನ್ ಕಾಳೇಗೌಡ, ಇಬ್ಬರು ಸಿದ್ದೇಗೌಡರನ್ನ ಒಬ್ಬರು ಅಂದ್ಕೊಂಡ್ರೆ ನಿಮ್ಮ ಮರದಲ್ಲಿ ಎರಡು ತಲೆಮಾರೇ ಮಾಯ. ಪ್ರತಿ ಹೆಸರಿನ ಪಕ್ಕ ವರ್ಷ ಬರೀರಿ.

ಗೇಣಿದಾರರ ಮನೆತನದವರು ನಮಗೆ ಹಳೇ ಪಹಣಿ ಇಲ್ಲ ಅಂತ ಬೇಜಾರು ಮಾಡ್ಕೋತಾರೆ. ನೀವು ನೋಡ್ಬೇಕಾಗಿರೋದು ಭೂನ್ಯಾಯ ಮಂಡಳಿ ಫೈಲು. 1974ರಲ್ಲಿ ಉಳುವವನೇ ಹೊಲದೊಡೆಯ ಕಾನೂನು ಬಂದಾಗ ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಶನ್ ಹಾಕಿದ್ರಲ್ಲ, ಆ ಫೈಲುಗಳಲ್ಲಿ ಎಷ್ಟು ವರ್ಷದಿಂದ ಉಳ್ತಿದೀವಿ, ಮುಂಚೆ ಅಪ್ಪ ಉಳ್ತಿದ್ರು, ಅದಕ್ಕೂ ಮುಂಚೆ ತಾತ ಅಂತ ಅವರ ಬಾಯಿಮಾತೇ ಹೇಳಿಕೆಯಾಗಿ ದಾಖಲಾಗಿರುತ್ತೆ, ಅಕ್ಕಪಕ್ಕದ ಜಮೀನಿನವರ ಸಾಕ್ಷಿನೂ ಇರುತ್ತೆ. ಇದಕ್ಕಿಂತ ಜೀವಂತ ಕಾಗದ ನಾನು ನೋಡಿಲ್ಲ. ಕೇಸ್ ನಂಬರ್ ಗೊತ್ತಿಲ್ಲದಿದ್ರೆ ಊರು, ಸರ್ವೆ ನಂಬರ್ ಹೇಳಿ ಹುಡುಕಿಸಿ.

ಜಮೀನೇ ಇಲ್ಲದವರ ಕಥೆ ಕಷ್ಟ, ಸುಳ್ಳು ಹೇಳಲ್ಲ. ಆದ್ರೂ ದಲಿತ ಕುಟುಂಬಗಳಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯೋ 1978ರ ಕಾಯ್ದೆ ಇದೆ, ಪಿಟಿಸಿಎಲ್ ಅಂತಾರಲ್ಲ, ಅದರ ಕೇಸು ಏನಾದ್ರೂ ನಡೆದಿದ್ರೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟ್ ಫೈಲಲ್ಲಿ ಮೂಲ ಮಂಜೂರಿದಾರರಿಂದ ಈಗಿನವರ ತನಕ ವಂಶವೃಕ್ಷ ಇರುತ್ತೆ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡ್ತಿದ್ದ ಮನೆತನಗಳಿಗೆ ಚಾಕರಿ ಇನಾಂ ಜಮೀನಿತ್ತು, 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆ ಆದ್ಮೇಲೆ ಅದನ್ನ ವಾಪಸ್ ಅವರ ಹೆಸರಿಗೇ ಮಂಜೂರು ಮಾಡೋ ಅರ್ಜಿಗಳಲ್ಲೂ ವಾರಸುದಾರರ ಪಟ್ಟಿ ಇರುತ್ತೆ. ಶಾನುಭೋಗ, ಪಟೇಲ, ಕುಲಕರ್ಣಿ ಮನೆತನಕ್ಕೂ ಇದೇ ಕಾಯ್ದೆ. ಡ್ಯಾಮಿಗೆ ಮುಳುಗಡೆಯಾದವರು, ಶರಾವತಿಯವರಾಗಲಿ ಬಾಗಲಕೋಟೆಯವರಾಗಲಿ, ಭೂಸ್ವಾಧೀನ ಮತ್ತೆ ಪುನರ್ವಸತಿ ಪಟ್ಟಿ ಕೇಳಿ.

ಹಳೇ ಪ್ರೈಮರಿ ಸ್ಕೂಲಿನ ದಾಖಲಾತಿ ರಿಜಿಸ್ಟರು ಮರೀಬೇಡಿ. ಹೆಡ್‌ಮಾಸ್ಟರಿಗೆ ಒಂದು ಅರ್ಜಿ ಕೊಟ್ಟು ವಿನಯವಾಗಿ ಕೇಳಿದ್ರೆ ಬೀರುವಿನಿಂದ ತೆಗೆದು ತೋರಿಸ್ತಾರೆ, ತಾತನ ಅಪ್ಪನ ಹೆಸರು, ಊರು, ಕಸುಬು ಸಿಗುತ್ತೆ. ಹುಟ್ಟಿದ ತಾರೀಕನ್ನ ಮಾತ್ರ ನಂಬ್ಬೇಡಿ, ನಮ್ಮ ರಾಜ್ಯದ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದು ಯಾಕೆ ಅಂತ ಎಲ್ಲರಿಗೂ ಗೊತ್ತು. 2002ರ ಮತದಾರರ ಪಟ್ಟಿನ ರಾಜ್ಯ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಲ್ಲಿ ಹಾಕಿದ್ದಾರೆ, ಪೂರ್ತಿ ಬಿಟ್ಟಿ, ಮನೆ ನಂಬರು, ಅಪ್ಪನ ಇಲ್ಲಾ ಗಂಡನ ಹೆಸರು, ವಯಸ್ಸು ಎಲ್ಲ ಇರುತ್ತೆ, ಆಗ ಬದುಕಿದ್ದ ಅಜ್ಜ ಅಜ್ಜಿಯರ ತಲೆಮಾರು ಪೂರ್ತಿ ಸಿಗುತ್ತೆ. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಗಿದ್ರಿಂದ ಹಳೇ ಕ್ಷೇತ್ರದ ಹೆಸರಲ್ಲಿ ಹುಡುಕಿ. ಇನ್ನೊಂದು ಯಾರೂ ಹೇಳದ ಉಪಾಯ, ಕುಟುಂಬದಲ್ಲಿ ಯಾವತ್ತಾದ್ರೂ ಪಾಲಿನ ಕೇಸು ಹೈಕೋರ್ಟ್ ತನಕ ಹೋಗಿದ್ರೆ ಇಂಡಿಯನ್ ಕಾನೂನ್ ವೆಬ್‌ಸೈಟಲ್ಲಿ ಊರಿನ ಹೆಸರು, ತಾತನ ಹೆಸರು ಹಾಕಿ ನೋಡಿ, ತೀರ್ಪಿನ ಶುರುವಲ್ಲೇ ಮೂಲಪುರುಷನಿಂದ ಹಿಡಿದು ಎಲ್ಲರ ಹೆಸರೂ ಇರುತ್ತೆ. ಜಗಳ ಆಡಿದ ಮನೆತನದ ಚರಿತ್ರೆನೇ ಚೆನ್ನಾಗಿ ಉಳ್ಕೊಂಡಿರೋದು, ಏನ್ ಮಾಡೋದು.

ನಾಡಕಚೇರಿಯಲ್ಲಿ ಕೊಡೋ ವಂಶವೃಕ್ಷ ಸರ್ಟಿಫಿಕೇಟು ಇದಲ್ಲ, ಅದು ನೀವೇ ಅಫಿಡವಿಟ್ ಕೊಟ್ಟ ಮೇಲೆ ಮಹಜರು ಮಾಡಿ ಕೊಡೋದು, ಅದರಿಂದ ಹೊಸ ವಿಷ್ಯ ಏನೂ ಗೊತ್ತಾಗಲ್ಲ.

ಇನ್ನೂ ಹಿಂದಕ್ಕೆ ಹೋಗ್ಬೇಕು ಅಂದ್ರೆ 1956ಕ್ಕೆ ಮುಂಚೆ ನಿಮ್ಮೂರು ಯಾವ ಸರ್ಕಾರದಲ್ಲಿತ್ತು ನೋಡಿ. ಮೈಸೂರು ಸಂಸ್ಥಾನವಾದ್ರೆ ವಿಕಾಸಸೌಧದಲ್ಲಿರೋ ರಾಜ್ಯ ಪತ್ರಾಗಾರ (ಹಳೇ ಸರ್ಕಾರಿ ಕಡತ ಇಡೋ ಆಫೀಸು), ಮುಂಬಯಿ ಕರ್ನಾಟಕವಾದ್ರೆ ಪುಣೆ ಮತ್ತೆ ಮುಂಬೈ ಪತ್ರಾಗಾರ, ದಕ್ಷಿಣ ಕನ್ನಡ, ಬಳ್ಳಾರಿ ಕಡೆಯವರಿಗೆ ಚೆನ್ನೈನ ಎಗ್ಮೋರಿನಲ್ಲಿರೋ ಪತ್ರಾಗಾರ, ಕಲಬುರಗಿ, ಬೀದರ್, ರಾಯಚೂರಿನವರಿಗೆ ಹೈದರಾಬಾದು. ಸಾಮಾನ್ಯ ರೈತರ ಹೆಸರು ಅಲ್ಲಿ ಸುಲಭಕ್ಕೆ ಸಿಗಲ್ಲ, ಇನಾಂದಾರರು, ಸರ್ಕಾರಿ ಕೆಲಸದಲ್ಲಿದ್ದವರ ಮನೆತನಕ್ಕೆ ಮಾತ್ರ ಹೋಗೋದು ಲಾಭ. ಧಾರವಾಡ, ಬೆಳಗಾವಿಯ ಹಳೇ ಕಾಗದ ಮೋಡಿ ಅನ್ನೋ ಹಳೇ ಮರಾಠಿ ಕೂಡುಬರಹದ ಲಿಪಿಯಲ್ಲಿರುತ್ತೆ, ನಿಜಾಮರ ಕಾಲದ್ದು ಉರ್ದುವಿನಲ್ಲಿ, ಇಸವಿ ಫಸಲಿ ಅನ್ನೋ ಕಂದಾಯದ ವರ್ಷದ ಲೆಕ್ಕದಲ್ಲಿ. ಫಸಲಿಗೆ 590 ಸೇರಿಸಿದ್ರೆ ಹತ್ತಿರದ ಇಸವಿ ಬರುತ್ತೆ, 1350 ಫಸಲಿ ಅಂದ್ರೆ 1940-41. ಮೋಡಿ ಓದೋರು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಕಡೆ ವಿಚಾರಿಸಿದ್ರೆ ಗೊತ್ತಾಗ್ತಾರೆ, ಮರಾಠಿಯವರ ಫೇಸ್‌ಬುಕ್ ಗ್ರೂಪುಗಳಲ್ಲೂ ಹವ್ಯಾಸಕ್ಕೆ ಓದಿಕೊಡೋರು ಇದ್ದಾರೆ. ಇಡೀ ಕಟ್ಟು ಕಳಿಸ್ಬೇಡಿ, ಒಂದು ಪುಟ, ನೆಟ್ಟಗೆ ಬೆಳಕಲ್ಲಿ ತೆಗೆದ ಫೋಟೋ, "ಇದರಲ್ಲಿ ಇಂಥ ಹೆಸರು ಇದ್ಯಾ" ಅಂತ ಒಂದು ಪ್ರಶ್ನೆ.

ಕರಾವಳಿಯಲ್ಲಿ ತಾಯಿ ಕಡೆಯಿಂದ ವಂಶ ಎಣಿಸೋ ಅಳಿಯಸಂತಾನದ ಮನೆತನವಾದ್ರೆ ಅಪ್ಪನ ಕಡೆಯಿಂದ ಹುಡುಕಿ ಪ್ರಯೋಜನ ಇಲ್ಲ, ಬಳಿ (ತಾಯಿ ಕಡೆಯ ಕುಲ), ತರವಾಡು ಮನೆ (ಕುಟುಂಬದ ಮೂಲ ಮನೆ), ತಾಯಿಯ ತಾಯಿ ಹಿಂಗೇ ಹೋಗ್ಬೇಕು, ಕೊಡಗಿನವರಿಗೆ ಒಕ್ಕ (ಮನೆತನ), ಐನ್‌ಮನೆ (ಒಕ್ಕದ ಮೂಲ ಮನೆ) ಇದ್ದೇ ಇದೆ. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆ ರಿಜಿಸ್ಟರು. ಮಂಗಳೂರು ಕಡೆ 1784ರಲ್ಲಿ ಚರ್ಚುಗಳೇ ನಾಶವಾಗಿದ್ರಿಂದ ಅದಕ್ಕಿಂತ ಹಿಂದಿನದು ಅಪರೂಪ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತಲ್ಲ, ಆ ಸಭೆಯ, ಹೆಂಚಿನ ಕಾರ್ಖಾನೆಯ, ನೇಯ್ಗೆ ಕಾರ್ಖಾನೆಯ ಹಳೇ ಫೋಟೋಗಳನ್ನ ಸ್ವಿಜರ್ಲೆಂಡಿನ ಅವರ ಪತ್ರಾಗಾರ ಆನ್‌ಲೈನಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಮುಸ್ಲಿಂ ಕುಟುಂಬಗಳಲ್ಲಿ ಶಜರಾ, ಅಂದ್ರೆ ವಂಶವೃಕ್ಷ, ಬರೆದಿಟ್ಟಿರೋದೂ ಉಂಟು, ಇಲ್ಲದಿದ್ರೆ ಖಾಜಿಗಳ ಹತ್ರ ನಿಕಾಹ್ ರಿಜಿಸ್ಟರು ಕೇಳಿ. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆತನದವರಾದ್ರೆ ಇಂಗ್ಲೆಂಡಿನ ಫಿಬಿಸ್ ಅನ್ನೋ ಸಂಘದ ಡೇಟಾಬೇಸಲ್ಲಿ ಹೆಸರು ಹುಡುಕೋದು ಬಿಟ್ಟಿ.

ಕಾಶಿ, ಗಯಾ, ನಾಸಿಕ್, ತ್ರ್ಯಂಬಕದ ಪುರೋಹಿತರ ವಹಿಗಳಲ್ಲಿ ನಮ್ಮ ಕಡೆಯಿಂದ ಯಾತ್ರೆಗೆ ಹೋದವರ ಹೆಸರೂ ಇರುತ್ತೆ, ಊರು ಹೇಳಿದ್ರೆ ಆ ಸೀಮೆಯ ಪುರೋಹಿತರು ಯಾರು ಅಂತ ತೋರಿಸ್ತಾರೆ, ದಕ್ಷಿಣೆ ಮೊದಲೇ ಮಾತಾಡ್ಕೊಳ್ಳಿ. ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟಲ್ಲಿ ಹರಿದ್ವಾರ ಮುಂತಾದ ಕಡೆಯ ವಹಿಗಳ ಫೋಟೋ ಇದೆ, ಅಕೌಂಟ್ ಬಿಟ್ಟಿ, ಆದ್ರೆ ಅದರಲ್ಲಿ ಉತ್ತರದವರೇ ಜಾಸ್ತಿ. ನಮಗೆ ಅದು ಮರ ಬರೆದಿಡೋಕೆ ಉಪಯೋಗ. ಬದುಕಿರೋರ ಹುಟ್ಟಿದ ತಾರೀಕು, ಆಧಾರ್ ಕಾಪಿ, ಪಹಣಿ ಫೋಟೋ ಇಂಥವನ್ನ ಎಲ್ಲೂ ಅಪ್‌ಲೋಡ್ ಮಾಡ್ಬೇಡಿ, ವಾಟ್ಸಾಪ್ ಗ್ರೂಪಿಗೂ ಬೇಡ. ದತ್ತು, ಮನೆ ಅಳಿಯ, ಜಾತಿ ಬಿಟ್ಟು ಮದುವೆ, ಇಂಥದ್ದು ಗೊತ್ತಾದ್ರೆ ಸಂಬಂಧಪಟ್ಟವರನ್ನ ಕೇಳದೆ ಗ್ರೂಪಲ್ಲಿ ಹಾಕೋದು ಬೇಡವೇ ಬೇಡ.

ಆಫೀಸಲ್ಲಿ ಇವತ್ತು ಬಾ ನಾಳೆ ಬಾ ಅಂತಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಫೀಸು 10 ರೂಪಾಯಿ, ಬಿಪಿಎಲ್ ಕಾರ್ಡಿದ್ರೆ ಅದೂ ಇಲ್ಲ, ಪ್ರತಿ ಪುಟಕ್ಕೆ 2 ರೂಪಾಯಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷ್ಯ, 150 ಪದದೊಳಗೆ ಇರಬೇಕು ಅನ್ನೋ ನಿಯಮ ಇದೆ, "ನಮ್ಮ ಕುಟುಂಬದ ಎಲ್ಲಾ ದಾಖಲೆ ಕೊಡಿ" ಅಂತ ಬರೆದ್ರೆ ವಾಪಸ್ ಬರುತ್ತೆ. ಹಿಂಗೆ ಬರೀರಿ: "ತಿಪಟೂರು ತಾಲ್ಲೂಕು, ಇಂಥ ಹೋಬಳಿ, ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟಕ್ಕೆ ಸಂಬಂಧಪಟ್ಟ ಎಂಆರ್ ಇಷ್ಟು, ವರ್ಷ ಇಷ್ಟು, ಈ ಪೌತಿ ಖಾತೆ ಕಡತದ ದೃಢೀಕೃತ ನಕಲು." ಅಷ್ಟೇ ಸಾಕು. ಆದ್ರೆ ಮೊದಲೇ ಹೋಗಿ ಆರ್‌ಟಿಐ ಅಂತ ಶುರು ಹಚ್ಕೋಬೇಡಿ, ರೆಕಾರ್ಡ್ ರೂಮಿನವರಿಗೆ ದಿನಾ ಕೋರ್ಟು ಕಚೇರಿಯವರೇ ಬರೋದು, ತಾತನ ಅಪ್ಪನ ಹೆಸರು ಹುಡುಕ್ಕೊಂಡು ಬಂದಿದೀನಿ ಅಂದ್ರೆ ಅವರಿಗೂ ಕುತೂಹಲ. ಮಧ್ಯಾಹ್ನ ಮೂರರ ಮೇಲೆ, ಜನ ಕಮ್ಮಿ ಇರುವಾಗ ಹೋಗಿ, ಸೋಮವಾರ ಬೇಡ.